ಹಳೆಯ ಕಾರ್ ಸ್ಟೀರಿಯೊಗೆ ಬ್ಲೂಟೂತ್ ರಿಸೀವರ್: ಆಕ್ಸ್ ಸಾಕೆಟ್ ಇರುವವರಿಗೊಂದು ವಿಮರ್ಶೆ

ಬ್ಲೂಟೂತ್ ಇಲ್ಲದ, ಆದರೆ ಮುಂಭಾಗದಲ್ಲಿ ಹೊರಗಿನ ಸಾಧನದ ದನಿಯನ್ನು ತಂತಿಯಲ್ಲಿ ಸೇರಿಸುವ 3.5 ಮಿಲಿಮೀಟರಿನ ಆಕ್ಸ್ ಸಾಕೆಟ್ ಇರುವ ಸ್ಟೀರಿಯೊಗಳು ಹಳೆಯ ಕಾರುಗಳಲ್ಲಿ ಇಂದಿಗೂ ಬೇಕಾದಷ್ಟಿವೆ. ಅವುಗಳಲ್ಲಿ ಹೆಚ್ಚಿನವುಗಳ ಆಂಪ್ಲಿಫೈಯರು ಚೆನ್ನಾಗಿಯೇ ಇರುತ್ತದೆ, ಸ್ಪೀಕರುಗಳೂ ಕೆಟ್ಟಿರುವುದಿಲ್ಲ. ಬದಲಾಗಿರುವುದು ಫೋನು ಮಾತ್ರ. 2016ರಲ್ಲಿ ಐಫೋನ್ 7 ಹೆಡ್‌ಫೋನ್ ಜಾಕನ್ನು ಕೈಬಿಟ್ಟ ಮೇಲೆ ಉಳಿದ ಕಂಪನಿಗಳೂ ಬಹುಮಟ್ಟಿಗೆ ಅದೇ ದಾರಿ ಹಿಡಿದುದರಿಂದ, ಸ್ಟೀರಿಯೊ ಕಡೆ ಸಾಕೆಟ್ ಇದ್ದರೂ ಫೋನಿನ ಕಡೆ ಪಿನ್ ಚುಚ್ಚಲು ಜಾಗವಿಲ್ಲದ ಪರಿಸ್ಥಿತಿ ಬಂದಿದೆ. ಈ ಕೊರತೆಯನ್ನು ತುಂಬಲೆಂದೇ ಮಾರುವ, ಫೋನಿನ ಹಾಡನ್ನು ತಂತಿಯಿಲ್ಲದೆ ಹಿಡಿದು ಆಕ್ಸ್ ಸಾಕೆಟ್ಟಿಗೆ ಕೊಡುವ, ಬೆಂಕಿಪೊಟ್ಟಣಕ್ಕಿಂತ ತುಸು ಚಿಕ್ಕದಾದ ಬ್ಲೂಟೂತ್ ರಿಸೀವರ್ ಒಂದನ್ನು ಕೆಲವು ತಿಂಗಳಿಂದ ಬಳಸುತ್ತಿದ್ದೇನೆ. ನಾನಾ ಹೆಸರಿನಲ್ಲಿ ಸಿಗುವ ಇಂಥ ಸಾಧನಗಳ ಗುಣದೋಷಗಳು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಇಲ್ಲಿ ಹೆಸರಿಗಿಂತ ಕೆಲಸದ ಬಗ್ಗೆ ಹೇಳುವುದೇ ಸರಿ.

ಜೋಡಣೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಪಿನ್ನನ್ನು ಆಕ್ಸ್ ಸಾಕೆಟ್ಟಿಗೆ ಸಿಕ್ಕಿಸಿ, ಗುಂಡಿಯನ್ನು ಒತ್ತಿ ಹಿಡಿದು, ಫೋನಿನಲ್ಲಿ ಕಾಣಿಸುವ ಹೆಸರನ್ನು ಆರಿಸಿದರೆ ಮುಗಿಯಿತು. ಪಿನ್ ಪೂರ್ತಿ ಒಳಗೆ ಹೋಗಿದೆಯೇ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು. ಆಳವಾಗಿ ಕೂತ ಸಾಕೆಟ್ಟಿನಲ್ಲಿ ಪಿನ್ ಅರೆಬರೆ ಕೂತಾಗ ಗ್ರೌಂಡ್ (ಎರಡೂ ಚಾನೆಲ್ಲುಗಳಿಗೆ ಸಮಾನವಾದ, ಕರೆಂಟು ಮರಳುವ ದಾರಿ) ಸಂಪರ್ಕ ತಪ್ಪಿ, ಎಡಬಲ ಚಾನೆಲ್ಲುಗಳ ವ್ಯತ್ಯಾಸವಷ್ಟೇ ಕೇಳಿಸುತ್ತದೆ. ಆಗ ವಾದ್ಯಗಳೆಲ್ಲ ತೆಳುವಾಗಿ ನುಡಿಯುತ್ತಿದ್ದರೂ ಎರಡೂ ಚಾನೆಲ್ಲಿನಲ್ಲಿ ಸಮನಾಗಿರುವ ಹಾಡುವವರ ದನಿ ಮಾಯವಾಗಿರುತ್ತದೆ. ಸ್ಪೀಕರ್ ಕೆಟ್ಟಿದೆಯೆಂದು ಬಾಗಿಲಿನ ಪ್ಯಾನೆಲ್ ಬಿಚ್ಚಿಸುವ ಮೊದಲು ಪಿನ್ನನ್ನೊಮ್ಮೆ ಒತ್ತಿ ನೋಡುವುದು ಒಳ್ಳೆಯದು.

ಈ ಸಾಧನದ ನಿಜವಾದ ಪರೀಕ್ಷೆ ನಡೆಯುವುದು ಎಂಜಿನ್ ಶುರುವಾದ ಮೇಲೆ. ಆಕ್ಸ್ ಕೇಬಲ್ಲಿನಲ್ಲಿ ಫೋನನ್ನು ನೇರವಾಗಿ ಸ್ಟೀರಿಯೊಗೆ ಸೇರಿಸಿ, ಅದೇ ಫೋನನ್ನು ಸಿಗರೇಟ್ ಲೈಟರ್ ಸಾಕೆಟ್ಟಿನ ಚಾರ್ಜರಿಗೂ ಸೇರಿಸಿದವರಿಗೆ ಗೊತ್ತಿರುವ ಒಂದು ಸದ್ದಿದೆ: ಆಕ್ಸಿಲರೇಟರ್ ಒತ್ತಿದಂತೆ ಗುಂಯ್ ಎಂದು ಏರಿ, ಬಿಟ್ಟಂತೆ ಇಳಿಯುವ ಕೀರಲು ಸದ್ದು. ಫೋನಿನ ಗ್ರೌಂಡ್ ಚಾರ್ಜರಿನ ಮೂಲಕ ಒಂದು ದಾರಿಯಲ್ಲಿಯೂ ಆಕ್ಸ್ ಕೇಬಲ್ಲಿನ ಮೂಲಕ ಇನ್ನೊಂದು ದಾರಿಯಲ್ಲಿಯೂ ಕಾರಿನ ಬಾಡಿಗೆ ಸೇರುವುದರಿಂದ, ಆ ಎರಡು ದಾರಿಗಳ ನಡುವಿನ ಸಣ್ಣ ವೋಲ್ಟೇಜ್ ವ್ಯತ್ಯಾಸವು ಎಂಜಿನ್ನಿನಿಂದ ತಿರುಗಿ ವಿದ್ಯುತ್ ಕೊಡುವ ಆಲ್ಟರ್ನೇಟರಿನ ಏರಿಳಿತವನ್ನೂ ಹೊತ್ತು ಸಂಗೀತದೊಳಗೆ ಬೆರೆಯುತ್ತದೆ. ಬ್ಲೂಟೂತ್ ರಿಸೀವರ್ ಬಂದ ಮೇಲೆ ಫೋನಿಗೂ ಸ್ಟೀರಿಯೊಗೂ ತಂತಿಯ ಸಂಬಂಧವೇ ಉಳಿಯುವುದಿಲ್ಲವಾದ್ದರಿಂದ, ಫೋನನ್ನು ಎಷ್ಟು ಹೊತ್ತು ಚಾರ್ಜಿಗೆ ಹಾಕಿದರೂ ಸ್ಪೀಕರಿನಲ್ಲಿ ಸದ್ದಿಲ್ಲ. ತಂತಿಯ ರಗಳೆ ತಪ್ಪುವುದೇ ಇದರ ದೊಡ್ಡ ಲಾಭವೆಂದು ಪೆಟ್ಟಿಗೆಯ ಮೇಲೆ ಬರೆದಿರುತ್ತಾರೆ. ನನ್ನ ಮಟ್ಟಿಗೆ ದೊಡ್ಡ ಲಾಭ ಇದು.

ಆದರೆ ರಿಸೀವರಿಗೂ ವಿದ್ಯುತ್ ಬೇಕಲ್ಲ! ಅದರ ಒಳಗಿನ ಬ್ಯಾಟರಿಯಲ್ಲಿ ನಡೆಯುವಾಗ ಸ್ಟೀರಿಯೊ ಶಾಂತವಾಗಿರುತ್ತದೆ. ಅದನ್ನು ಲೈಟರ್ ಸಾಕೆಟ್ಟಿನ ಚಾರ್ಜರಿಗೆ ಸೇರಿಸಿದ ಕ್ಷಣವೇ ಫೋನಿನಿಂದ ಓಡಿಸಿದ್ದ ಆ ಕೀರಲು ಸದ್ದು ಹಿಂಬಾಗಿಲಿನಿಂದ ಮರಳಿ ಬರುತ್ತದೆ. ಬೇರೆ ಚಾರ್ಜರ್ ಹಾಕಿದಾಗ ಸದ್ದು ಸ್ವಲ್ಪ ತಗ್ಗಿತೇ ಹೊರತು ಹೋಗಲಿಲ್ಲ. ಪೂರ್ತಿ ಹೋದದ್ದು ರಿಸೀವರಿಗೂ ಆಕ್ಸ್ ಸಾಕೆಟ್ಟಿಗೂ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿದಾಗ. ಅದರೊಳಗಿರುವ ಎರಡು ಪುಟ್ಟ ಟ್ರಾನ್ಸ್‌ಫಾರ್ಮರುಗಳು ತಂತಿಗೆ ತಂತಿ ತಾಗದಂತೆ ಸಿಗ್ನಲನ್ನು ಮಾತ್ರ ದಾಟಿಸುತ್ತವೆ. ಅಗ್ಗದ ಐಸೊಲೇಟರುಗಳಲ್ಲಿ ಈ ಟ್ರಾನ್ಸ್‌ಫಾರ್ಮರುಗಳು ತೀರಾ ಚಿಕ್ಕದಾಗಿರುವುದರಿಂದ ಮಂದ್ರದ ತೂಕ ತುಸು ಕಡಿಮೆಯಾಗುತ್ತದೆ. ಮೃದಂಗದ ಎಡಗಡೆಯ ನಾದವನ್ನು ಗಮನವಿಟ್ಟು ಕೇಳುವವರಿಗೆ ಅದು ತಿಳಿಯುತ್ತದೆ. ಹಾಗಾಗಿ ಕೇಳುವಾಗ ಬ್ಯಾಟರಿ, ನಿಲ್ಲಿಸಿದಾಗ ಚಾರ್ಜ್ ಎಂಬ ಕ್ರಮವನ್ನೇ ನಾನು ಇಟ್ಟುಕೊಂಡಿದ್ದೇನೆ.

ಸದ್ದಿನ ಮಟ್ಟವನ್ನು ಹೊಂದಿಸುವುದರಲ್ಲಿಯೂ ಸ್ವಲ್ಪ ಜಾಣತನ ಬೇಕು. ಫೋನಿನಲ್ಲೊಂದು, ರಿಸೀವರಿನಲ್ಲೊಂದು, ಸ್ಟೀರಿಯೊದಲ್ಲೊಂದು ಹೀಗೆ ಮೂರು ಕಡೆ ವಾಲ್ಯೂಮ್ ಇರುತ್ತದೆ. ಫೋನಿನಲ್ಲಿ ಅರ್ಧಕ್ಕಿಟ್ಟು ಸ್ಟೀರಿಯೊದಲ್ಲಿ ಪೂರ್ತಿ ಏರಿಸಿದರೆ ಹಾಡಿನ ಜೊತೆಗೆ ಹಿಸ್ ಎನ್ನುವ ಹಿನ್ನೆಲೆ ಸದ್ದೂ ಏರುತ್ತದೆ. ಅಷ್ಟೇ ಅಲ್ಲ, ಹಾಗೆಯೇ ರೇಡಿಯೊಗೆ ತಿರುಗಿಸಿದಾಗ ಕಿವಿ ಗಡಚಿಕ್ಕುತ್ತದೆ. ಮೊದಲಿನ ಎರಡನ್ನೂ ತುದಿಯ ಹತ್ತಿರಕ್ಕೆ ಏರಿಸಿ, ಜೋರಾದ ಭಾಗಗಳಲ್ಲಿ ದನಿ ಒಡೆದಂತೆ ಕೇಳಿದರೆ ಒಂದೆರಡು ಮೆಟ್ಟಿಲು ಇಳಿಸಿ, ಉಳಿದುದನ್ನು ಸ್ಟೀರಿಯೊದ ತಿರುಗುಗುಂಡಿಯಲ್ಲೇ ನೋಡಿಕೊಳ್ಳುವುದು ಸರಿಯಾದ ಕ್ರಮ.

ಸಂಗೀತದ ಗುಣಮಟ್ಟದ ಬಗ್ಗೆ ದೂರಿಲ್ಲ. ಬ್ಲೂಟೂತಿನಲ್ಲಿ ಸಂಗೀತ ಹರಿಯುವ ಎ2ಡಿಪಿ ವ್ಯವಸ್ಥೆಗೆ ಎಸ್‌ಬಿಸಿ ಎಂಬ ಕೋಡೆಕ್ (ಹಾಡನ್ನು ಕುಗ್ಗಿಸಿ ಕಳಿಸುವ ವಿಧಾನ) ಕಡ್ಡಾಯ. ಒಳ್ಳೆಯ ಮಟ್ಟದಲ್ಲಿ ಅದು ಸೆಕೆಂಡಿಗೆ ಸುಮಾರು 328 ಕಿಲೋಬಿಟ್ ಸಾಗಿಸುತ್ತದೆ. ಅದಕ್ಕಿಂತ ಮೇಲಿನ ಕೋಡೆಕ್ ಇದೆಯೆಂದು ಹೆಚ್ಚು ದುಡ್ಡು ಕೊಡುವುದು, ಟೈರಿನ ಮತ್ತು ಗಾಳಿಯ ಸದ್ದು ಸದಾ ಇರುವ ಕಾರಿನೊಳಗೆ, ನನಗೆ ಅನಗತ್ಯವೆನಿಸುತ್ತದೆ. ಮನೆಯ ಹೆಡ್‌ಫೋನಿನ ಮಾತು ಬೇರೆ.

ಕರೆಗಳ ವಿಷಯದಲ್ಲಿ ಮಾತ್ರ ಸಾಧನ ಸೋಲುತ್ತದೆ. ಕರೆ ಬಂದಾಗ ಬ್ಲೂಟೂತ್ ಸಂಗೀತದ ವ್ಯವಸ್ಥೆಯನ್ನು ಬಿಟ್ಟು ಹ್ಯಾಂಡ್ಸ್‌ಫ್ರೀ ವ್ಯವಸ್ಥೆಗೆ ಹಾರುವುದರಿಂದ ದನಿ ಮೊನೊ ಆಗಿ, ಹಳೆಯ ಟೆಲಿಫೋನಿನ ಮಟ್ಟಕ್ಕೆ ಕಿರಿದಾಗುತ್ತದೆ. ಅದನ್ನು ಸಹಿಸಬಹುದು. ಸಹಿಸಲಾಗದ್ದು ಮೈಕಿನ ಜಾಗ: ಆಕ್ಸ್ ಸಾಕೆಟ್ ಗೇರಿನ ಹತ್ತಿರ ಕೆಳಗಿದ್ದರೆ ಮೈಕೂ ಅಲ್ಲಿಯೇ ನೇತಾಡುತ್ತದೆ, ಆ ಕಡೆಯವರಿಗೆ ನಮ್ಮ ಮಾತಿಗಿಂತ ಏಸಿಯ ಗಾಳಿಯೇ ಚೆನ್ನಾಗಿ ಕೇಳಿಸುತ್ತದೆ. ಫೋನಿನ ಬ್ಲೂಟೂತ್ ಸೆಟ್ಟಿಂಗಿನಲ್ಲಿ ಈ ಸಾಧನಕ್ಕೆ ಕರೆಯ ಆಯ್ಕೆಯನ್ನು ತೆಗೆದುಹಾಕಿ ಸಂಗೀತವನ್ನಷ್ಟೇ ಉಳಿಸಿಕೊಳ್ಳುವುದು ಮೇಲು. ಹಾಗೆ ಮಾಡಿದರೆ ಇನ್ನೊಂದು ಕಾಟವೂ ತಪ್ಪುತ್ತದೆ. ಕಾರನ್ನು ಬಾಗಿಲ ಬಳಿಯೇ ನಿಲ್ಲಿಸಿ ಒಳಗೆ ಬಂದಾಗ ರಿಸೀವರ್ ಇನ್ನೂ ಎಚ್ಚರವಾಗಿದ್ದರೆ, ಫೋನು ಕೈಯಲ್ಲಿದ್ದರೂ ಕರೆ ಮಾಡಿದವರ ದನಿ ಖಾಲಿ ಕಾರಿನ ಕಡೆಗೇ ಹೋಗಿರುತ್ತದೆ.

ಬೇರೆ ದಾರಿಗಳ ಜೊತೆ ಇದನ್ನು ತೂಗಿ ನೋಡಿದರೆ, ಶುದ್ಧ ದನಿಯೊಂದೇ ಬೇಕಾದವರಿಗೆ ಫೋನಿನ ಚಾರ್ಜಿಂಗ್ ಸಾಕೆಟ್ಟಿಗೆ ಸಿಕ್ಕಿಸಿ ಹೆಡ್‌ಫೋನ್ ಜಾಕ್ ಪಡೆಯುವ ಯುಎಸ್‌ಬಿ-ಸಿ ಡಾಂಗಲ್ ಮತ್ತು ಮಾಮೂಲಿ ಆಕ್ಸ್ ಕೇಬಲ್ ಈಗಲೂ ಮೇಲುಗೈ. ಆಕ್ಸ್ ಇಲ್ಲದೆ ಕ್ಯಾಸೆಟ್ ಡೆಕ್ ಇರುವ ಕಾರಿಗೆ, ಕ್ಯಾಸೆಟ್ಟಿನ ಆಕಾರದಲ್ಲಿದ್ದು ಡೆಕ್ಕಿನೊಳಗೆ ಕೂರುವ ಕ್ಯಾಸೆಟ್ ಅಡಾಪ್ಟರ್ ಸಾಕು. ಒಳಗಿನ ಚಕ್ರದ ಕಟಕಟ ಸದ್ದನ್ನು ಸಹಿಸಿಕೊಂಡರೆ ಅದು, ಫೋನಿನ ಹಾಡನ್ನು ಕಾರಿನ ರೇಡಿಯೊಗೆ ಪ್ರಸಾರ ಮಾಡುವ ಎಫ್‌ಎಂ ಟ್ರಾನ್ಸ್‌ಮಿಟರಿಗಿಂತ ನೆಚ್ಚಬಹುದಾದದ್ದು. ಎಫ್‌ಎಂ ಟ್ರಾನ್ಸ್‌ಮಿಟರಿನ ದನಿ ಸುಮಾರು 15 ಕಿಲೋಹರ್ಟ್ಸ್‌ಗೇ ನಿಲ್ಲುತ್ತದೆ. ಜೊತೆಗೆ, ಊರಿಂದ ಊರಿಗೆ ಹೋಗುವಾಗ 88ರಿಂದ 108 ಮೆಗಾಹರ್ಟ್ಸ್ ನಡುವೆ ಖಾಲಿ ಜಾಗ ಹುಡುಕುತ್ತಲೇ ಇರಬೇಕಾಗುತ್ತದೆ. ಸ್ಟೀರಿಯೊದಲ್ಲಿ ಯುಎಸ್‌ಬಿ ಇದ್ದೂ ಆಂಡ್ರಾಯ್ಡ್ ಫೋನನ್ನು ಅದು ಗುರುತಿಸದಿದ್ದರೆ ಕಾರಣ ಸಾಮಾನ್ಯವಾಗಿ ಇಷ್ಟೇ: ಫೋನುಗಳು ಎಂಟಿಪಿ ವಿಧಾನದಲ್ಲಿ ಕಡತಗಳನ್ನು ತೋರಿಸುತ್ತವೆ, ಹಳೆಯ ಸ್ಟೀರಿಯೊಗಳಿಗೆ ಪೆನ್‌ಡ್ರೈವಿನ ಭಾಷೆ ಮಾತ್ರ ಬರುತ್ತದೆ. ಅಂಥ ಕಡೆ ಎಫ್‌ಎಟಿ32 ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಎಂಪಿ3 ಹಾಡುಗಳನ್ನು ತುಂಬಿಕೊಂಡರೆ ಬೇರಾವ ಸಾಧನವೂ ಬೇಕಿಲ್ಲ.

ಬಿಸಿಲಿನಲ್ಲಿ ನಿಲ್ಲುವ ಕಾರಿನಲ್ಲಿ ಬ್ಯಾಟರಿಯಿರುವ ರಿಸೀವರನ್ನು ಡ್ಯಾಶ್‌ಬೋರ್ಡಿನ ಮೇಲೆ ಬಿಡಬಾರದು. ಲಿಥಿಯಂ ಬ್ಯಾಟರಿ ಉಬ್ಬಿಕೊಳ್ಳುವ ಸಾಧ್ಯತೆ ಇರುತ್ತದೆ. ಇಳಿಯುವಾಗಲೆಲ್ಲ ಅದನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುವ ತಾಳ್ಮೆ ಇಲ್ಲದವರು ಬ್ಯಾಟರಿಯಿಲ್ಲದೆ ಯುಎಸ್‌ಬಿಯಿಂದಲೇ ನಡೆಯುವ ಮಾದರಿಯನ್ನು ಕೊಂಡು, ಅದರ ಜೊತೆಗೇ ಐಸೊಲೇಟರನ್ನೂ ತರಿಸಿಕೊಳ್ಳುವುದು ಒಳಿತು.