ಅತಿ ಕಡಿಮೆ ಫೇಸ್ ನಾಯ್ಸ್ ಅಳೆಯಲು ಯಾವ ವಿಧಾನ ನಂಬಬಹುದು?

ಒಳ್ಳೆಯ 100 ಮೆಗಾಹರ್ಟ್ಜ್ ಓವನ್ ಕ್ರಿಸ್ಟಲ್ (ಸ್ಥಿರ ಉಷ್ಣತೆಯಲ್ಲಿಟ್ಟ ಸ್ಫಟಿಕ) ಆಸಿಲೇಟರಿನ ಫೇಸ್ ನಾಯ್ಸ್, ಅಂದರೆ ಅದರ ಅಲೆಯ ಲಯದಲ್ಲಿನ ಸೂಕ್ಷ್ಮ ಏರುಪೇರು, ಕ್ಯಾರಿಯರ್‌ನಿಂದ (ಮೂಲ ಆವರ್ತನದ ಅಲೆಯಿಂದ) 10 ಕಿಲೋಹರ್ಟ್ಜ್ ಆಚೆ ಮೈನಸ್ 175 ಡಿಬಿಸಿ/ಹರ್ಟ್ಜ್ (1 ಹರ್ಟ್ಜ್ ಅಗಲದಲ್ಲಿನ ನಾಯ್ಸ್, ಕ್ಯಾರಿಯರಿಗೆ ಹೋಲಿಸಿದ ಡೆಸಿಬಲ್ ಲೆಕ್ಕದಲ್ಲಿ) ಆಸುಪಾಸಿಗೆ ಇಳಿದಿರುತ್ತದೆ. ಪರದೆಯ ಮೇಲೆ ಕಾಣುತ್ತಿರುವುದು ಆಸಿಲೇಟರಿನದೋ, ಅಳೆಯುವ ಉಪಕರಣದ್ದೋ? ನಾನು ಬಳಸಿ ನೋಡಿದ ವಿಧಾನಗಳನ್ನು ಈ ಪ್ರಶ್ನೆಯಿಂದಲೇ ತೂಗುತ್ತೇನೆ.

ಸ್ಪೆಕ್ಟ್ರಮ್ ಅನಲೈಸರ್ ಬಹುಬೇಗ ಕೈಚೆಲ್ಲುತ್ತದೆ. ಅದರೊಳಗಿನ ಲೋಕಲ್ ಆಸಿಲೇಟರಿನ ನಾಯ್ಸ್ ನಮ್ಮದಕ್ಕಿಂತ ಹತ್ತಾರು ಡೆಸಿಬಲ್ ಹೆಚ್ಚು. ಮೇಲಾಗಿ, ಏರಿಳಿತ ಆಂಪ್ಲಿಟ್ಯೂಡಿನದೋ ಫೇಸಿನದೋ ಎಂಬುದನ್ನು ಅದು ಬೇರ್ಪಡಿಸಿ ತೋರಿಸುವುದಿಲ್ಲ.

ಮಿಕ್ಸರ್ ವಿಧಾನದ ಮೇಲೆ ನನಗೆ ಪ್ರೀತಿ ಹೆಚ್ಚು. ಒಂದೇ ಆವರ್ತನದ ಎರಡು ಆಸಿಲೇಟರ್‌ಗಳನ್ನು 90 ಡಿಗ್ರಿ ಅಂತರದಲ್ಲಿ ಲಾಕ್ ಮಾಡಿ ಎರಡು ಅಲೆಗಳನ್ನು ಗುಣಿಸುವ ಮಿಕ್ಸರಿಗೆ ಕೊಟ್ಟರೆ ಕ್ಯಾರಿಯರ್ ಮಾಯವಾಗಿ, ಫೇಸಿನ ಕಂಪನ ಮಾತ್ರ ಸಣ್ಣ ವೋಲ್ಟೇಜಾಗಿ ಉಳಿಯುತ್ತದೆ. ಅದನ್ನು ಕಡಿಮೆ ನಾಯ್ಸಿನ ಆಂಪ್ಲಿಫೈಯರಿನಿಂದ ಹಿಗ್ಗಿಸಿ, ಆವರ್ತನವಾರು ಬಿಡಿಸಿ ತೋರಿಸುವ ಎಫ್‌ಎಫ್‌ಟಿಗೆ ಕಳಿಸಿದರಾಯಿತು. ಕ್ಯಾಲಿಬ್ರೇಷನ್‌ಗೆ ಲಾಕ್ ಬಿಡಿಸಿ, ಮಿಕ್ಸರಿನಿಂದ ಬರುವ ಬೀಟ್ (ಎರಡರ ಆವರ್ತನ ವ್ಯತ್ಯಾಸದ) ಅಲೆಯನ್ನು ನೋಡಬೇಕು. ಅಲೆ ಶುದ್ಧ ಸೈನ್ ಆಗಿದ್ದು ಅದರ ಶಿಖರ 0.3 ವೋಲ್ಟ್ ಇದ್ದರೆ, ಸಂವೇದನೆಯೂ ಪ್ರತಿ ರೇಡಿಯನ್‌ಗೆ 0.3 ವೋಲ್ಟ್. ಮಿಕ್ಸರ್ ಸ್ಯಾಚುರೇಷನ್‌ನಲ್ಲಿದ್ದರೆ ಅಲೆಯ ತಲೆ ಚಪ್ಪಟೆಯಾಗಿರುತ್ತದೆ. ಆಗ ಶಿಖರವನ್ನು ನಂಬದೆ, ಅಲೆ ಸೊನ್ನೆಯನ್ನು ದಾಟುವಲ್ಲಿನ ಇಳಿಜಾರನ್ನೇ ಅಳೆಯಬೇಕು. ಲಾಕ್ ಲೂಪಿನ ಬ್ಯಾಂಡ್‌ವಿಡ್ತ್ ಒಳಗಿನ ನಾಯ್ಸನ್ನು ಲೂಪೇ ಅಳಿಸಿಬಿಡುತ್ತದೆ. ಹಾಗಾಗಿ 10 ಹರ್ಟ್ಜ್ ಆಫ್‌ಸೆಟ್ (ಕ್ಯಾರಿಯರಿನಿಂದ ದೂರ) ನೋಡಬೇಕೆಂದರೆ ಲೂಪನ್ನು 1 ಹರ್ಟ್ಜ್ ಸುಮಾರಿಗೆ ಬಿಗಿಯುತ್ತೇನೆ. ಆಗ ಮೇಜಿಗೆ ಕೈ ತಗುಲಿದರೂ ಗ್ರಾಫಿನಲ್ಲಿ ಗುಬ್ಬು ಏಳುತ್ತದೆ.

ಈ ವಿಧಾನದ ಮಿತಿ ರೆಫರೆನ್ಸ್ ಆಸಿಲೇಟರ್. ಎರಡೂ ಸಮಾನವಾಗಿದ್ದರೆ 3 ಡೆಸಿಬಲ್ ಕಳೆದು ಒಂದರ ಮೌಲ್ಯ ಹೇಳಬಹುದು. ಸಮಾನವೆಂದು ಸುಮ್ಮನೆ ಊಹಿಸುವುದು ಮಾತ್ರ ತಪ್ಪು. ಮೂರನೆಯದೊಂದನ್ನು ತಂದು ಜೋಡಿ ಜೋಡಿಯಾಗಿ ಹೋಲಿಸಲೇಬೇಕು.

ಸಿಗ್ನಲನ್ನು ಅದರದೇ ತಡವಾದ ಪ್ರತಿಯೊಡನೆ ಹೋಲಿಸುವ, ಉದ್ದ ಕೇಬಲಿನ ವಿಳಂಬ ವಿಧಾನಕ್ಕೆ ರೆಫರೆನ್ಸೇ ಬೇಡ. ಆದರೆ ಸುಮಾರು 100 ಮೀಟರ್ ಕೇಬಲ್ ಕೊಡುವ ವಿಳಂಬ 500 ನ್ಯಾನೋಸೆಕೆಂಡ್ ಅಷ್ಟೇ. ಕ್ಯಾರಿಯರ್ ಹತ್ತಿರ ಬಂದಂತೆ ಸಂವೇದನೆ ಕುಸಿಯುತ್ತದೆ. 2 ಮೆಗಾಹರ್ಟ್ಜ್ ಆಫ್‌ಸೆಟ್‌ನಲ್ಲಿ ಕುರುಡಾಗುತ್ತದೆ. ನಾಯ್ಸ್ ಹೆಚ್ಚಿರುವ ವೋಲ್ಟೇಜ್ ನಿಯಂತ್ರಿತ ಆಸಿಲೇಟರಿಗೆ ಸರಿ, ಕ್ರಿಸ್ಟಲಿಗೆ ಅಲ್ಲ.

ಇನ್ನು ಕ್ರಾಸ್ ಕೋರಿಲೇಷನ್. ಸಿಗ್ನಲನ್ನು ಸ್ಪ್ಲಿಟರಿನಿಂದ ಎರಡಾಗಿ ಒಡೆದು, ಎರಡು ಸ್ವತಂತ್ರ ರೆಫರೆನ್ಸ್, ಎರಡು ಮಿಕ್ಸರ್‌ಗಳಿಗೆ ಕೊಟ್ಟು, ಎರಡೂ ಕಡೆ ಸಮಾನವಾಗಿ ಕಾಣುವುದನ್ನಷ್ಟೇ ಉಳಿಸಿಕೊಳ್ಳುವುದು. ಬಲ ದೊಡ್ಡದು, ಬೆಲೆ ಕಾಲ: 100 ಸರಾಸರಿಗೆ 10 ಡೆಸಿಬಲ್ ಲಾಭ, 10,000ಕ್ಕೆ 20. 1 ಹರ್ಟ್ಜ್ ರೆಸಲ್ಯೂಷನ್ ಬೇಕಾದರೆ ಒಂದೊಂದು ದಾಖಲೆಗೂ ಸುಮಾರು ಒಂದು ಸೆಕೆಂಡ್, ಅಂದರೆ ಒಟ್ಟು ಎರಡೂಮುಕ್ಕಾಲು ಗಂಟೆ.

ಆದರೂ ಈ ವಿಧಾನ ಕೊಡುವ ಅತಿ ಸುಂದರ ಗ್ರಾಫನ್ನು ನಾನು ಸಂಶಯದಿಂದಲೇ ನೋಡುತ್ತೇನೆ. ಸ್ಪ್ಲಿಟರಿನೊಳಗಿನ ರೆಸಿಸ್ಟರಿನ ಉಷ್ಣ ನಾಯ್ಸ್ ಎರಡು ಕವಲುಗಳಲ್ಲಿ ವಿರುದ್ಧ ಚಿಹ್ನೆಯಲ್ಲಿ ಬಂದು, ಆಸಿಲೇಟರಿನ ಉಷ್ಣ ನಾಯ್ಸನ್ನೇ ನುಂಗಬಲ್ಲದು. ಅಮೆರಿಕದ ರಾಷ್ಟ್ರೀಯ ಮಾಪನ ಸಂಸ್ಥೆ ಎನ್‌ಐಎಸ್‌ಟಿಯ ಸಂಶೋಧಕರು 2014ರಲ್ಲಿ ಈ ಕುಸಿತವನ್ನು ವಿವರವಾಗಿ ದಾಖಲಿಸಿದರು. ಕೋಣೆಯ ಉಷ್ಣತೆಯಲ್ಲಿ ಉಷ್ಣ ನಾಯ್ಸ್ ಮೈನಸ್ 174 ಡಿಬಿಎಂ/ಹರ್ಟ್ಜ್ (ಡಿಬಿಎಂ ಎಂದರೆ 1 ಮಿಲಿವ್ಯಾಟ್‌ಗೆ ಹೋಲಿಸಿದ ಡೆಸಿಬಲ್). ಅದರಲ್ಲಿ ಅರ್ಧ ಫೇಸಿನ ಪಾಲು. ಪ್ಲಸ್ 10 ಡಿಬಿಎಂ ಕ್ಯಾರಿಯರಿಗೆ ಲೆಕ್ಕ ಹಾಕಿದರೆ ಮೈನಸ್ 187 ಡಿಬಿಸಿ/ಹರ್ಟ್ಜ್. ಅದಕ್ಕೂ ಕೆಳಗೆ ಗೆರೆ ಇಳಿದರೆ ಅದನ್ನು ಆಸಿಲೇಟರಿನ ಹೆಗ್ಗಳಿಕೆ ಎನ್ನಲಾರೆ. ಎರಡು ಕವಲುಗಳ ಹೋಲಿಕೆಯಿಂದ ಬರುವ ಕ್ರಾಸ್ ಸ್ಪೆಕ್ಟ್ರಮ್‌ನ ಪರಿಮಾಣವನ್ನಷ್ಟೇ ನೋಡದೆ ಅದರ ವಾಸ್ತವ ಭಾಗದ ಚಿಹ್ನೆಯನ್ನೂ ನೋಡಬೇಕು. ಅದು ಋಣವಾದಲ್ಲಿ ಫಲಿತಾಂಶವನ್ನು ಬದಿಗಿಡಬೇಕು. ಸ್ಪ್ಲಿಟರ್ ಬದಲಿಸಿದಾಗ ಗೆರೆ ಜರುಗಿದರೂ ಅಷ್ಟೇ.

ಕ್ಯಾರಿಯರಿನಿಂದ ದೂರದ ತಳವನ್ನು ಕಾಣಲು ನನ್ನ ಆಯ್ಕೆ ಕ್ರಾಸ್ ಕೋರಿಲೇಷನ್ನೇ. ಒಂದೇ ಬಗೆಯ ಆಸಿಲೇಟರ್‌ಗಳ ಹೋಲಿಕೆಗೆ ಒಂಟಿ ಮಿಕ್ಸರ್ ಸಾಕು. ಆಂಪ್ಲಿಫೈಯರ್ ಸೇರಿಸುವ ನಾಯ್ಸ್ ಅಳೆಯಲೂ ಅದೇ ಸಾಕು: ಒಂದೇ ಮೂಲವನ್ನು ಎರಡು ದಾರಿಗೆ ಹಂಚಿ, ಎರಡರ ವಿಳಂಬ ಸಮವಾಗಿರುವಂತೆ ನೋಡಿಕೊಂಡರೆ ಮೂಲದ ನಾಯ್ಸ್ ಬಹುಪಾಲು ತಾನೇ ರದ್ದಾಗುತ್ತದೆ.