ರಿವಾಲ್ವರಿಗಿಂತ ಅದರ ಚೀಲಕ್ಕೇ ಹೆಚ್ಚು ಅಲೆದೆ

ಮೊನ್ನೆ ಪಾಂಡವಪುರದ ಕಡೆಯ ಹುಡುಗನೊಬ್ಬ ನಮ್ಮ ಬೆಲ್ಲದ ಮಂಡಿಗೆ ಬಂದಿದ್ದ. ಬಂದೂಕಿನ ಲೈಸೆನ್ಸ್ ಈಗಷ್ಟೇ ಕೈಗೆ ಸಿಕ್ಕಿದೆಯಂತೆ. "ಅಣ್ಣ, ಸೊಂಟದಲ್ಲಿ ಇಟ್ಕಂಡ್ರೂ ಯಾರ್ಗೂ ಕಾಣ್ಬಾರ್ದು, ಅಂಥದ್ದು ಯಾವ್ದ ತಗಳ್ಳಿ?" ಅಂತ ಕೇಳಿದ. ತೂಕದ ಹೊತ್ತು, ನಿಂತು ಹೇಳೋಕೆ ಆಗಲಿಲ್ಲ. ಅವನಿಗೆ ಹೇಳಬೇಕಿದ್ದದ್ದನ್ನೇ ಇಲ್ಲಿ ಬರೆದಿದ್ದೇನೆ.

ನನಗೆ 57 ವರ್ಷ, ಮಂಡ್ಯದಲ್ಲಿ ಬೆಲ್ಲದ ಮಂಡಿ. ಆಲೆಮನೆಯವರಿಗೆ ಮುಂಗಡ ಕೊಡುವುದು, ಬಾಕಿ ಚುಕ್ತಾ ಮಾಡುವುದು ಎಲ್ಲ ಈಗ ಅರ್ಧಕ್ಕರ್ಧ ಫೋನಿನಲ್ಲೇ ಮುಗಿಯುತ್ತೆ. ಉಳಿದರ್ಧ ಇವತ್ತಿಗೂ ನೋಟೇ. 2021ರ ಡಿಸೆಂಬರಿನಲ್ಲಿ ಒಂದು ಸಂಜೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ಕಾರಿನಲ್ಲಿ ಬರುವಾಗ ಎರಡು ಬೈಕು ಹಿಂದೆ ಬಿದ್ದವು. ಒಂದು ಮುಂದೆ ಹೋಗಿ ಅಡ್ಡ ನಿಲ್ಲಿಸೋಕೆ ನೋಡಿತು. ಎದುರಿಗೆ ಕಬ್ಬಿನ ಟ್ರಾಕ್ಟರ್ ಬಂತು, ಬಚಾವಾದೆ. ಮನೆಗೆ ಬಂದು ನೀರು ಕುಡಿಯೋಕೆ ಲೋಟ ಎತ್ತಿದರೆ ಕೈ ನಡುಗಿ ಅರ್ಧ ನೀರು ಎದೆ ಮೇಲೆ. ಆಮೇಲೆ ಅರ್ಜಿ ಹಾಕಿದೆ. ಒಂದು ಮಾತು ಈಗಲೇ ಹೇಳಿಬಿಡ್ತೀನಿ: ಆ ಸಂಜೆ ಸೊಂಟದಲ್ಲಿ ರಿವಾಲ್ವರ್ ಇದ್ದಿದ್ದರೂ ಏನೂ ಆಗ್ತಿರಲಿಲ್ಲ. ಎರಡೂ ಕೈ ಸ್ಟೇರಿಂಗ್ ಮೇಲೆ, ಸೊಂಟದ ಮೇಲೆ ಸೀಟ್ ಬೆಲ್ಟು. ತೆಗೆಯೋದು ಹೇಗೆ?

ಅರ್ಜಿ, ಪೊಲೀಸ್ ವರದಿ, ವೈದ್ಯರ ಸರ್ಟಿಫಿಕೇಟು, ಬಂದೂಕು ತರಬೇತಿಯ ಸರ್ಟಿಫಿಕೇಟು, ಮನೆಯಲ್ಲಿ ಭದ್ರವಾಗಿ ಇಡ್ತೀನಿ ಅನ್ನೋ ಬರಹ, ಎಲ್ಲ ಸೇರಿ ಹದಿನಾಲ್ಕು ತಿಂಗಳು. ಮೈಸೂರು ನಗರದವರಾದರೆ ಪೊಲೀಸ್ ಕಮಿಷನರ್ ಕಚೇರಿ, ನಮ್ಮಂಥ ಜಿಲ್ಲೆಯವರಿಗೆ ಡಿಸಿ ಕಚೇರಿ. ಕೊಡಗಿನವರ ಥರ ಅಲ್ಲ ನಮ್ಮದು. ಅಲ್ಲಿ ಕೊಡವರಿಗೂ ಜಮ್ಮಾ (ವಂಶದಿಂದ ಬಂದ ಜಮೀನು) ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. ಹಾಗಂತ ಅದು ಉದ್ದ ಕೋವಿಗೆ ಮಾತ್ರ, ರಿವಾಲ್ವರಿಗಲ್ಲ. ನಮ್ಮಪ್ಪನ ಕಾಲದ ಒಂಟಿ ನಳಿಗೆ ಕೋವಿಯೊಂದು ತೋಟದ ಹಂದಿ ಓಡಿಸೋಕೆ ಅಂತ ನನ್ನ ಹೆಸರಲ್ಲಿ ಇದೆ. ಮೊದಲು ಒಬ್ಬರಿಗೆ ಮೂರು ಆಯುಧದವರೆಗೆ ಅವಕಾಶ ಇತ್ತು, ಆಯುಧ ಕಾಯ್ದೆಯ 2019ರ ತಿದ್ದುಪಡಿಯಿಂದ ಎರಡೇ. ಅಂದರೆ ನನಗೆ ಉಳಿದದ್ದು ಒಂದೇ ಅವಕಾಶ. ಚಪ್ಪಲಿ ಬದಲಾಯಿಸಿದ ಹಾಗೆ ಬದಲಾಯಿಸೋಕೆ ಆಗಲ್ಲ.

ಸಿನಿಮಾ ನೋಡಿ 9 ಎಂ.ಎಂ. ಪಿಸ್ತೂಲಿನ ಕನಸು ಕಂಡಿದ್ದರೆ ಇಲ್ಲೇ ಬಿಟ್ಟುಬಿಡಿ. ಅದು ನಿಷೇಧಿತ ಬೋರು (ಬೋರು ಅಂದರೆ ನಳಿಗೆಯ ತೂತಿನ ಅಳತೆ), ನಮಗೂ ನಿಮಗೂ ಸಿಗಲ್ಲ. ಸೊಂಟದಲ್ಲಿ ಇಡುವಂಥದ್ದು ಅಂದರೆ ಹೆಚ್ಚುಕಮ್ಮಿ .32 ಬೋರು ಒಂದೇ. ವಿದೇಶಿ ಮಾಲು 1980ರ ದಶಕದಲ್ಲೇ ಸಾಮಾನ್ಯರ ಆಮದಿಗೆ ಬಾಗಿಲು ಹಾಕಿಕೊಂಡಿದೆ. ಅದಕ್ಕಿಂತ ಹಿಂದೆ ಬಂದದ್ದು ಕೈಯಿಂದ ಕೈಗೆ ದಾಟುತ್ತಾ ಇವತ್ತು ಸೈಟಿನ ರೇಟಿಗೆ ಮಾರುತ್ತೆ. ಹಾಗಾಗಿ ನಾನು ನೋಡಿದ್ದೆಲ್ಲ ಸರ್ಕಾರಿ ಕಾರ್ಖಾನೆಯ ಮಾಲು.

2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಒಂದು ಅಂಗಡಿಯಲ್ಲಿ ಅರ್ಧ ದಿನ ಕೂತೆ. ಮೊದಲು ಕೈಗೆ ಕೊಟ್ಟದ್ದು 'ನಿರ್ಭೀಕ್'. 2014ರಲ್ಲಿ ಕಾನ್ಪುರದ ಫೀಲ್ಡ್ ಗನ್ ಫ್ಯಾಕ್ಟರಿ ಹೆಂಗಸರಿಗೆ ಅಂತಲೇ ಬಿಟ್ಟ ರಿವಾಲ್ವರು. ಟೈಟಾನಿಯಂ ಮಿಶ್ರಲೋಹ, ತೂಕ ಬರೀ 500 ಗ್ರಾಂ. ಆಗಲೇ ಅದರ ಬೆಲೆ 1,22,360 ರೂಪಾಯಿ ಅಂತ ಪೇಪರಿನಲ್ಲಿ ಓದಿ ನನ್ನ ಹೆಂಡತಿ "ಅಷ್ಟಕ್ಕೆ ಎರಡು ಹಸ ಬರ್ತವೆ" ಅಂದಿದ್ದಳು. ಕೈಯಲ್ಲಿ ಹಗುರ, ಚೆಂದ. ಆದರೆ ಹಗುರ ಅಂದರೆ ಒಳ್ಳೇದು ಅಂತ ಎಲ್ಲರೂ ಅಂದುಕೊಳ್ತಾರೆ, ಅಲ್ಲೇ ಎಡವೋದು. ಗುಂಡು ಅದೇ, ಅದರ ಒದೆತ ಅಷ್ಟೇ. ಒದೆತ ತಿನ್ನುವ ಕಬ್ಬಿಣ ಕಮ್ಮಿಯಾದರೆ ಅದು ಅಂಗೈಗೆ ಬರುತ್ತೆ. ಜೊತೆಗೆ ನನ್ನದು ಮೂಟೆ ಎತ್ತಿದ ಕೈ. ಹಿಡಿಕೆ ಹಿಡಿದರೆ ಕಿರುಬೆರಳು ಕೆಳಗೆ ಗಾಳಿಯಲ್ಲಿ ಜೋತಾಡುತ್ತಿತ್ತು. ಇಶಾಪುರದ ಕಾರ್ಖಾನೆಯ 'ನಿಡರ್' ಇನ್ನೂ ಹಗುರ, 250 ಗ್ರಾಂ, ಅದು .22. ನನಗೆ ಅದು ಆಟದ ಸಾಮಾನಿನ ಥರ ಕಂಡಿತು. ನನ್ನ ತಪ್ಪೂ ಇರಬಹುದು.

ಆಮೇಲೆ 'ಅಶನಿ' ಪಿಸ್ತೂಲು. ಅಡಗಿಸಿಡೋದೊಂದೇ ಲೆಕ್ಕವಾದರೆ ಇದೇ ಗೆಲ್ಲುತ್ತೆ, ಅದರಲ್ಲಿ ಎರಡು ಮಾತಿಲ್ಲ. ರಿವಾಲ್ವರಿಗೆ ನಡುವೆ ಗುಂಡಿನ ಉರುಳೆಯ ಹೊಟ್ಟೆ ಇರುತ್ತೆ, ಶರ್ಟಿನ ಮೇಲೆ ಅದು ಗಂಟಿನ ಹಾಗೆ ಎದ್ದು ಕಾಣುತ್ತೆ. ಪಿಸ್ತೂಲು ಪಾಸ್‌ಬುಕ್ಕಿನ ಹಾಗೆ ಮಟ್ಟಸವಾಗಿ ಮೈಗೆ ಅಂಟಿಕೊಳ್ಳುತ್ತೆ. ಆದರೆ ನನ್ನ ಎಡಗೈಯಲ್ಲಿ ಎರಡು ಬೆರಳಿನ ತುದಿ ಇಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಗಾಣಕ್ಕೆ ಕಬ್ಬು ಕೊಡುವಾಗ ಹೋದವು. ಪಿಸ್ತೂಲಿನ ಮೇಲಿನ ಸ್ಲೈಡನ್ನು (ಗುಂಡು ಏರಿಸೋಕೆ ಜಾರುವ ಭಾಗ) ಹಿಡಿದು ಹಿಂದಕ್ಕೆ ಎಳೆಯೋಕೆ ಆ ಕೈಯೇ ಬೇಕು. ಮೂರು ಸಲ ಎಳೆದೆ, ಮೂರು ಸಲವೂ ಅರ್ಧಕ್ಕೆ ಜಾರಿತು. ಅಂಗಡಿಯವರು ಏನೂ ಅನ್ನಲಿಲ್ಲ, ಸುಮ್ಮನೆ ತೆಗೆದು ಪೆಟ್ಟಿಗೆಗೆ ಇಟ್ಟರು. ರಿವಾಲ್ವರಿನಲ್ಲಿ ಒಂದು ಗುಂಡು ಹಾರದಿದ್ದರೆ ಮತ್ತೊಮ್ಮೆ ಕುದುರೆ (ಟ್ರಿಗರ್) ಎಳೆದರೆ ಮುಂದಿನದು ಬರುತ್ತೆ. ಪಿಸ್ತೂಲಿನಲ್ಲಿ ಅದೇ ಸ್ಲೈಡಿನ ಹತ್ತಿರ ಹೋಗಬೇಕು.

ಹಾಗಾದರೆ ಆ ವರ್ಷವೇ ಹೊಸದಾಗಿ ಬಂದಿದ್ದ 'ಪ್ರಬಲ್'? ಕಾನ್ಪುರದ್ದೇ. 76 ಮಿಲಿಮೀಟರ್ ನಳಿಗೆ, ಗುಂಡಿಲ್ಲದೆ 675 ಗ್ರಾಂ, ಉರುಳೆ ಪಕ್ಕಕ್ಕೆ ತೆರೆದುಕೊಳ್ಳುತ್ತೆ. ಎರಡು ಕೈ ನೆಟ್ಟಗಿದ್ದವರು ಅದನ್ನೇ ತಗೊಳ್ಳಿ ಅಂತ ನಾನೇ ಹೇಳ್ತೀನಿ. ಪಕ್ಕಕ್ಕೆ ತೆರೆಯುವ ಉರುಳೆಯನ್ನು ಎಡಗೈಯಲ್ಲಿ ತಳ್ಳಿ, ಹಿಡಿದು, ಕಡ್ಡಿ ಒತ್ತಿ ಖಾಲಿ ತೋಟಾ ಹೊರಹಾಕಬೇಕು. ಮತ್ತೆ ಅದೇ ಎಡಗೈ. ಕಡೆಗೆ ನನಗೆ ಒಗ್ಗಿದ್ದು ಎಲ್ಲರೂ ಹಳೇ ಕಾಲದ್ದು ಅನ್ನುವ ಮಾದರಿ, ನಡು ಮುರಿದು ತೆರೆಯುವ .32. ಬಲಗೈ ಹೆಬ್ಬೆರಳಲ್ಲಿ ಚಿಲಕ ಒತ್ತಿ, ನಳಿಗೆಯನ್ನು ತೊಡೆಗೆ ಒತ್ತಿದರೆ ಸಾಕು, ಬೆನ್ನು ಮುರಿದ ಕೋವಿಯ ಹಾಗೆ ಬಾಗುತ್ತೆ, ಆರೂ ಖಾಲಿ ತೋಟಾ ತಾವಾಗಿ ಮೇಲೆ ಬಂದು ಉದುರುತ್ತವೆ. ಮಂಡಿಯ ಚಿಕ್ಕ ತಕ್ಕಡಿಯಲ್ಲಿ ಇಟ್ಟು ನೋಡಿದೆ, 700 ಗ್ರಾಮಿನ ಆಸುಪಾಸು. ತೂಕ ನೋಡದೆ ಯಾವುದನ್ನೂ ಒಳಗೆ ತಗೊಳ್ಳೋ ಅಭ್ಯಾಸ ನನಗಿಲ್ಲ.

ಇಲ್ಲಿಗೆ ಕೊಳ್ಳೋದು ಮುಗೀತು. ತಲೆನೋವು ಶುರುವಾದದ್ದು ಇಲ್ಲಿಂದ.

2016ರ ಆಯುಧ ನಿಯಮ ಏನು ಹೇಳುತ್ತೆ ಅಂದರೆ, ಜನ ಓಡಾಡುವ ಕಡೆ ಕೈಬಂದೂಕು ಒಯ್ಯುವುದಾದರೆ ಅದು ಮೈಗೆ ಕಟ್ಟಿದ ಹೋಲ್‌ಸ್ಟರಿನಲ್ಲೋ ಅಂಥದೇ ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ನಿಮ್ಮ ಹಿಡಿತದಲ್ಲಿ ಇರಬೇಕು. ಅಂದರೆ ಕಾಣದ ಹಾಗೆ ಇಡೋದು ಶೋಕಿಯಲ್ಲ, ಕಾನೂನು. ಮದುವೆ ಮನೆಗೆ ಶರ್ಟು ಒಳಗೆ ಸೇರಿಸಿ ಹಿಡಿಕೆ ಕಾಣುವ ಹಾಗೆ ಬರುವ ಗಂಡುಗಳನ್ನು ನೋಡಿದ್ದೀನಿ. ಸಂಭ್ರಮಕ್ಕೆ ಅಂತ ಹಾರಿಸಿ ಇನ್ನೊಬ್ಬರ ಜೀವಕ್ಕೆ ಸಂಚಕಾರ ತಂದರೆ ಎರಡು ವರ್ಷ ಜೈಲು, ಒಂದು ಲಕ್ಷ ದಂಡದವರೆಗೆ ಹೋಗುತ್ತೆ. ಅವರಿಗೆ ಗೊತ್ತೋ ಇಲ್ಲವೋ.

ನಾನು ಮೊದಲು ಆನ್‌ಲೈನಿನಲ್ಲಿ 650 ರೂಪಾಯಿಯ ನೈಲಾನ್ ಹೋಲ್‌ಸ್ಟರ್ ತರಿಸಿದೆ. ಎಲ್ಲ ಸೈಜಿಗೂ ಆಗುತ್ತೆ ಅಂತ ಬರೆದಿತ್ತು. ಎಲ್ಲದಕ್ಕೂ ಆಗುವ ಟೋಪಿ ಯಾರ ತಲೆಗೂ ಕೂರಲ್ಲ. ಮೂರನೇ ವಾರ, ಅಚ್ಚು ಬೆಲ್ಲದ ಪೆಟ್ಟಿಗೆ ತೂಕ ನೋಡೋಕೆ ಬಗ್ಗಿದೆ. ಪಟ್ಟಿಯ ಗುಂಡಿ ಟಪ್ ಅಂತ ಬಿಟ್ಟುಕೊಂಡಿತು. ಖಾಲಿ ಚೀಲದ ರಾಶಿ ಮೇಲೆ ಏನೋ ಬಿದ್ದ ಸದ್ದು. ತಿರುಗಿ ನೋಡಿದರೆ ಹಮಾಲಿ ಹುಡುಗ, ಹತ್ತೊಂಬತ್ತು ವರ್ಷ ಇರಬಹುದು, ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದಾನೆ. "ಅಣ್ಣೋ, ನಿಮ್ದು ಬಿತ್ತು" ಅಂದ. ಪರ್ಸು ಬಿದ್ದರೆ ಹೇಳ್ತಾರಲ್ಲ, ಅದೇ ದನಿ. ಆರೂ ಗುಂಡು ಒಳಗಿದ್ದವು. ನಾನು ಎತ್ತಿಕೊಂಡು ಕಚೇರಿ ರೂಮಿಗೆ ಹೋಗಿ ಬಾಗಿಲು ಹಾಕಿ ಕೂತೆ. ಅವತ್ತಿನ ಲೆಕ್ಕ ನೋಡಿಕೊಂಡದ್ದು ಗುಮಾಸ್ತರು.

ಆಮೇಲೆ ಮೈಸೂರಿನಲ್ಲಿರುವ ಮಗ ಹುಡುಕಿಕೊಟ್ಟದ್ದು ಚರ್ಮ ಹೊಲಿಯುವ ಒಬ್ಬ ಸಾಹೇಬರನ್ನು. ಮಂಡಿ ಮೊಹಲ್ಲಾದ ಒಂದು ಓಣಿ, ಹತ್ತಡಿ ಅಂಗಡಿ, ಬೋರ್ಡಿಲ್ಲ. ಟಾಂಗಾ ಕುದುರೆಗಳ ಜೀನು, ಲಗಾಮು, ಎದೆಪಟ್ಟಿ ಹೊಲಿಯುವ ಮನೆತನ. ಒಳಗೆ ಕಾಲಿಟ್ಟರೆ ಚರ್ಮ, ಮೇಣ, ಎಣ್ಣೆ ಮೂರೂ ಸೇರಿದ ವಾಸನೆ. ವಯಸ್ಸು ಎಪ್ಪತ್ತರ ಮೇಲೆ. ಮೊದಲ ಮಾತೇ, "ಗೌಡ್ರೇ, ಲೈಸೆನ್ಸ್ ತೋರಿಸಿ. ಆಮೇಲೆ ಅದನ್ನ ಹೊರಗೆ ತೆಗೀರಿ, ಖಾಲಿ ಮಾಡಿ ತೆಗೀರಿ." ನಾನು ಮುರಿದು ತೋರಿಸಿದೆ. ಬಗ್ಗಿ ಆರೂ ತೂತಿಗೆ ಒಂದೊಂದಾಗಿ ಬೆರಳು ಹಾಕಿ ನೋಡಿದರು. ಅಲ್ಲಿಗೇ ನನಗೆ ನಂಬಿಕೆ ಬಂತು.

"ಪಂಚೆನೋ ಪ್ಯಾಂಟೋ?" ಅಂದರು. ಇದನ್ನು ಬಂದೂಕಿನ ಅಂಗಡಿಯಲ್ಲಿ ಯಾರೂ ಕೇಳಿರಲಿಲ್ಲ. ನಾನು ವಾರದಲ್ಲಿ ಐದು ದಿನ ಪಂಚೆ. ಪಂಚೆಗೆ ಬೆಲ್ಟಿನ ಕೊಂಡಿಗಳೇ ಇಲ್ಲ, ಮುಕ್ಕಾಲು ಕೆ.ಜಿ. ಕಬ್ಬಿಣ ನೇತುಹಾಕಿದರೆ ಅದರ ಜೊತೆ ಮರ್ಯಾದೆಯೂ ಜಾರುತ್ತೆ. ದನದ ಸಂತೆ ವ್ಯಾಪಾರಿಗಳು ಪಂಚೆ ಮೇಲೆ ಕಟ್ಟುವ ಅಗಲದ ಹಸಿರು ಬೆಲ್ಟು ಇದೆಯಲ್ಲ, ದುಡ್ಡಿನ ಜೇಬು ಇರೋದು, ಅದೇ ಅಗಲಕ್ಕೆ ಚರ್ಮದಲ್ಲಿ ಒಂದು ಪಟ್ಟಿ ಮಾಡಿದರು. ಹೋಲ್‌ಸ್ಟರನ್ನು ಆ ಪಟ್ಟಿಗೇ ಹೊಲಿದರು, ಸಿಕ್ಕಿಸುವ ಕೊಕ್ಕೆ ಇಲ್ಲ. ಮೇಲೆ ಶರ್ಟು ಇಳಿಬಿಟ್ಟರೆ ನನ್ನ ಹೊಟ್ಟೆಗೂ ಅದಕ್ಕೂ ವ್ಯತ್ಯಾಸ ಗೊತ್ತಾಗಲ್ಲ.

ಮಾಡುವ ರೀತಿ ನೋಡಬೇಕು. ರಿವಾಲ್ವರಿಗೆ ಎಣ್ಣೆ ಸವರಿ, ತೆಳು ಪ್ಲಾಸ್ಟಿಕ್ ಸುತ್ತಿದರು. ನೆನೆಸಿದ ಚರ್ಮವನ್ನು ಅದರ ಮೇಲೆ ಹಾಕಿ, ಬೋಳಾದ ಮೂಳೆಯ ತುಂಡೊಂದರಿಂದ ಒತ್ತುತ್ತಾ ಹೋದರು. ಕುದುರೆಯ ಸುತ್ತಿನ ಕಂಬಿ ಹತ್ತಿರ, ಉರುಳೆಯ ಅಂಚಿನ ಹತ್ತಿರ, ಹಲ್ಲಿನ ಸಂದಿ ಕೆದಕುವಷ್ಟು ನಿಧಾನ. ಕಾಲು ಗಂಟೆಯಲ್ಲಿ ಚರ್ಮದ ಮೇಲೆ ರಿವಾಲ್ವರಿನ ಆಕಾರ ಮೂಡಿತು. "ಕುದುರೆ ಪೂರ್ತಿ ಮುಚ್ಚಿರ್ಬೇಕು ಗೌಡ್ರೇ, ಬೆರಳು ಹೋಗೋ ಸಂದಿ ಇದ್ರೆ ಅದು ಚೀಲ ಅಲ್ಲ" ಅಂದರು. ಮೈ ಕಡೆಗೆ ಒಂದು ನಾಲಿಗೆ ಎತ್ತರಿಸಿ ಬಿಟ್ಟರು, ಬೆವರು ಕಬ್ಬಿಣಕ್ಕೆ ತಾಗದಿರಲಿ ಅಂತ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅದೆಷ್ಟು ಮುಖ್ಯ ಅಂತ ಆಮೇಲೆ ತಿಳೀತು. ನೈಲಾನಿನಲ್ಲಿ ಮೂರೇ ವಾರ ಇಟ್ಟಿದ್ದಕ್ಕೆ ನಳಿಗೆಯ ಪಕ್ಕ ಸಾಸಿವೆ ಕಾಳಿನಷ್ಟು ತುಕ್ಕಿನ ಚುಕ್ಕೆ ಬಂದಿತ್ತು. ಹೊಲಿಗೆ ಮೇಣದ ದಾರದ್ದು, ದಬ್ಬಣದಲ್ಲಿ ಎರಡು ಕಡೆಯಿಂದ. ಹೋಲ್‌ಸ್ಟರ್ 1,800, ಪಟ್ಟಿ 900. ಚೌಕಾಸಿ ಮಾಡಿದೆ, ಬಗ್ಗಲಿಲ್ಲ.

ತಪ್ಪು ಇಲ್ಲವೇ ಇಲ್ಲ ಅಂತಲ್ಲ. ಮೊದಲ ಎರಡು ತಿಂಗಳು ಎಷ್ಟು ಬಿಗಿ ಅಂದರೆ ರಿವಾಲ್ವರ್ ಎಳೆದರೆ ಪಟ್ಟಿಯೇ ಮೇಲೆ ಬರುತ್ತಿತ್ತು. ಕೊಟ್ಟ ಮಾತಿಗಿಂತ ಹದಿನೇಳು ದಿನ ತಡ ಮಾಡಿದರು. ಕಾರಿನಲ್ಲಿ ಕೂತರೆ ಈಗಲೂ ಪಕ್ಕೆಗೆ ಒತ್ತುತ್ತೆ, ಅದಕ್ಕೆ ಸಾಹೇಬರೂ ಏನೂ ಮಾಡಲಾರರು. ಮನೆಗೆ ಬಂದ ಮೇಲೆ ಇದರೊಳಗೇ ಬಿಟ್ಟು ಇಡಬೇಡಿ, ಚರ್ಮ ತೇವ ಹಿಡಿದಿರುತ್ತೆ. ನಾನು ತೆಗೆದು, ಗುಂಡು ಬೇರೆ ಮಾಡಿ, ಒರೆಸಿ, ಬೀರುವಿನ ಲಾಕರಿನಲ್ಲಿ ಇಡ್ತೀನಿ. ಮನೆಯಲ್ಲಿ ಆರು ವರ್ಷದ ಮೊಮ್ಮಗ ಇದ್ದಾನೆ. ಲಾಕರಿನ ಕೀಲಿ ನನ್ನ ಉಡುದಾರದಲ್ಲಿ.

ಎಷ್ಟು ದಿನ ಕಟ್ಟಿಕೊಂಡೆ ಅಂತ ಕೇಳಿದರೆ ನಗ್ತೀರಿ. ಕೋರ್ಟು, ಕಚೇರಿಗೆ ಹೋಗುವ ದಿನ ಬಿಟ್ಟು ಹೋಗ್ತೀನಿ. ದೇವಸ್ಥಾನಕ್ಕೂ ಹಾಗೇ. 2024ರ ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆ ನೀತಿಸಂಹಿತೆ ಬಂತು, ಕೋವಿ ರಿವಾಲ್ವರ್ ಎರಡನ್ನೂ ಠಾಣೆಗೆ ಒಪ್ಪಿಸಿ ರಸೀದಿ ತಗೊಂಡು ಬಂದೆ. ಜೂನ್ 4ಕ್ಕೆ ಎಣಿಕೆ ಮುಗಿದ ಮೇಲೆ ವಾಪಸು. ಆ ಬೇಸಿಗೆ ಪೂರ್ತಿ ಖಾಲಿ ಪಟ್ಟಿ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ನಿಜ ಹೇಳಬೇಕೆಂದರೆ ಸೊಂಟಕ್ಕೆ ಹಾಯಾಗಿತ್ತು.

ಪಾಂಡವಪುರದ ಹುಡುಗನಿಗೆ ಒಂದು ಕಿವಿಮಾತು: ಅಂಗಡಿಗೆ ಹೋಗುವಾಗ ದಿನಾ ಹಾಕುವ ಬಟ್ಟೆಯಲ್ಲೇ ಹೋಗು, ಖಾಲಿ ರಿವಾಲ್ವರ್ ಸೊಂಟಕ್ಕೆ ಇಟ್ಟು ಅಲ್ಲೇ ಬಗ್ಗಿ ಚಪ್ಪಲಿ ಕಟ್ಟಿ ನೋಡು, ಕೂತು ನೋಡು. ಸಾಹೇಬರ ಹತ್ತಿರ ಹೋಗುವುದಾದರೆ ಲೈಸೆನ್ಸ್ ಪುಸ್ತಕ ಮರೆಯಬೇಡ. ಶುಕ್ರವಾರ ಮಧ್ಯಾಹ್ನ ಅಂಗಡಿ ಇರಲ್ಲ. ದಸರಾಗೆ ಎರಡು ತಿಂಗಳು ಮುಂಚೆ ಅವರ ತಂಟೆಗೇ ಹೋಗಬೇಡ, ಕುದುರೆಗಳ ಕೆಲಸ ಬಿದ್ದಿರುತ್ತೆ, ಮನುಷ್ಯರ ಸೊಂಟ ಆಮೇಲೆ ಅಂತಾರೆ.