ರಿಪ್‌ಗ್ರೆಪ್: ಐದು ಮಳೆಗಾಲ ಬಳಸಿದ ಮೇಲೆ

ಮಡಿಕೇರಿಯ ಮನೆಯಿಂದಲೇ ಕೆಲಸ ಶುರುಮಾಡಿ ಐದು ಮಳೆಗಾಲ ಆಯ್ತು. ಜುಲೈ ಬಂದರೆ ಕರೆಂಟಿಲ್ಲ, ನೆಟ್ಟಿಲ್ಲ. ಬ್ರೌಸರಿನಲ್ಲಿ ಕೋಡ್ ಹುಡುಕೋ ಆಟ ಅಲ್ಲಿಗೆ ಮುಗೀತು. ಲ್ಯಾಪ್‌ಟಾಪಿನ ಬ್ಯಾಟರಿ ಇರೋವರೆಗೆ ರಿಪ್‌ಗ್ರೆಪ್ಪೇ ಗತಿ. ಆಂಡ್ರ್ಯೂ ಗ್ಯಾಲಂಟ್ ರಸ್ಟ್ ಭಾಷೆಯಲ್ಲಿ ಬರೆದು 2016ರಲ್ಲಿ ಹೊರಬಿಟ್ಟ ಉಚಿತ ತಂತ್ರಾಂಶ ಇದು, ಫೈಲುಗಳ ಒಳಗೆ ಬೇಕಾದ ಪದ ಎಲ್ಲಿದೆ ಅಂತ ಹುಡುಕಿಕೊಡುತ್ತೆ. ಆಜ್ಞೆ ಟೈಪ್ ಮಾಡೋ ಟರ್ಮಿನಲ್ಲಿನಲ್ಲಿ 'ಆರ್‌ಜಿ' ಅಂತ ಎರಡಕ್ಷರ ಒತ್ತಿ, ಬೇಕಾದ ಪದ ಬರೆದರೆ ಆಯ್ತು. ವಿಎಸ್ ಕೋಡ್ ಅನ್ನೋ ಎಡಿಟರ್ ಇಟ್ಟುಕೊಂಡವರೂ ತಿಳಿಯದೆ ಇದನ್ನೇ ಬಳಸ್ತಿದ್ದಾರೆ, ಅದರ ಹುಡುಕಾಟದ ಹಿಂದೆ ಇರೋದು ಇದೇ.

ವೇಗ ಜೋರಾಗಿದೆ, ಸರಿ. ಆದರೆ ಲಕ್ಷಗಟ್ಟಲೆ ಸಾಲಿನ ನಮ್ಮ ಕೋಡಿನಲ್ಲಿ 'ಆರ್ಡರ್' ಅಂತ ಹುಡುಕಿ ನೋಡಿ. ವಿರಾಜಪೇಟೆಯ ಮದುವೆಮನೆಯಲ್ಲಿ "ಬೋಪಣ್ಣಾ" ಅಂತ ಕೂಗಿದ ಹಾಗೆ, ಹತ್ತು ತಲೆ ತಿರುಗುತ್ತೆ. ವೆಬ್ ಪುಟದ ಅಂದಚಂದ ಬರೆಯೋ ಸಿಎಸ್‌ಎಸ್‌ನ 'ಬಾರ್ಡರ್' ಕೂಡ ಬಂದು ನಿಲ್ಲುತ್ತೆ, ಇಂಗ್ಲಿಷಿನಲ್ಲಿ ಬರೆದರೆ ಅದರ ಹೊಟ್ಟೆಯಲ್ಲೂ 'ಆರ್ಡರ್' ಇದೆಯಲ್ಲ! ಮನೆಹೆಸರು ಸೇರಿಸದೆ ಬೇಕಾದ ಬೋಪಣ್ಣ ಸಿಗಲ್ಲ.

ಹಾಗಾಗಿ ಮೊದಲು ಆಜ್ಞೆಯ ಜೊತೆಗೆ 'ಹೈಫನ್ ಸಿ' ಹಾಕಿ ಯಾವ ಫೈಲಿನಲ್ಲಿ ಎಷ್ಟು ಸಾಲು ಅಂತ ಎಣಿಸ್ತೀನಿ. 'ಹೈಫನ್ ಟಿ ಜಾವಾ' ಅಂದರೆ ಜಾವಾ ಫೈಲು ಬಿಟ್ಟು ಬೇರೆಡೆ ಇಣುಕಲ್ಲ. 'ಹೈಫನ್ ಡಬ್ಲ್ಯೂ' ಅಂದರೆ ಇಡೀ ಪದ ಇದ್ದಲ್ಲಿ ಮಾತ್ರ, ಬಾರ್ಡರ್ ಹೊರಗೆ. ಆದರೆ 'ಆರ್ಡರ್ ಅಂಡರ್‌ಸ್ಕೋರ್ ಐಡಿ'ಯೂ ಹೊರಗೆ! ಅಂಡರ್‌ಸ್ಕೋರನ್ನು ಇದು ಪದದ ಭಾಗ ಅಂತಲೇ ಲೆಕ್ಕ ಹಾಕುತ್ತೆ. ಅದು ತಿಳಿಯದೆ ಒಂದು ಹೆಸರು ಬದಲಿಸಲು ಹೋಗಿ, ಅರ್ಧ ಕಡೆ ಹಳೇದೇ ಉಳಿದು, ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಬೈಸಿಕೊಂಡಿದ್ದೀನಿ.

ದೊಡ್ಡ ತಕರಾರು ಬೇರೆ. ಗಿಟ್‌ಇಗ್ನೋರಿನಲ್ಲಿ (ಕೋಡಿನ ಆವೃತ್ತಿ ಕಾಯೋ ಗಿಟ್ ಲೆಕ್ಕಿಸಬಾರದವುಗಳ ಪಟ್ಟಿ) ಬರೆದಿಟ್ಟ ಫೋಲ್ಡರು, ಚುಕ್ಕೆಯಿಂದ ಶುರುವಾಗೋ ಅಡಗಿದ ಫೈಲು, ಓದೋ ಅಕ್ಷರವಲ್ಲದ ಬೈನರಿ ಫೈಲು, ಇವನ್ನೆಲ್ಲ ತಾನಾಗೇ ದಾಟಿಕೊಂಡು ಹೋಗುತ್ತೆ. ಕೋಡಿನಿಂದ ತಂತ್ರಾಂಶ ಕಟ್ಟುವಾಗ ಹುಟ್ಟೋ ಬಿಲ್ಡ್ ಕಸ ಕಣ್ಣಿಗೆ ಬೀಳಲ್ಲ, ಹೆಚ್ಚಿನ ದಿನ ಅದೇ ವರ. ಒಂದು ದಿನ ಮಾತ್ರ ನನಗೆ ಬೇಕಾದ ಸಾಲು ತಾನಾಗೇ ಜನರೇಟ್ ಆದ ಕೋಡಿನಲ್ಲೇ ಕೂತಿತ್ತು, ಆ ಫೋಲ್ಡರು ಇಗ್ನೋರ್ ಪಟ್ಟಿಯಲ್ಲಿತ್ತು. ಪರದೆ ಖಾಲಿ. ನಂಬಿದೆ. ಹೊರಗೆ ಮಳೆ ಸುರೀತಾ ಇದೆ, ಬ್ಯಾಟರಿ ಹದಿನಾಲ್ಕು ಪರ್ಸೆಂಟಿಗೆ ಇಳಿದಿದೆ, ನಾನು ಇಲ್ಲದ ದೋಷವನ್ನು ಬೇರೆಲ್ಲೋ ಕೆದಕ್ತಾ ಇದ್ದೀನಿ! ಈಗ ಖಾಲಿ ಬಂದ ಕೂಡಲೇ 'ಹೈಫನ್ ಯುಯು' ಸೇರಿಸಿ ಇನ್ನೊಮ್ಮೆ ಓಡಿಸ್ತೀನಿ. ಇಗ್ನೋರ್ ಆದದ್ದು, ಅಡಗಿದ್ದು ಎರಡನ್ನೂ ತಡಕುತ್ತೆ.

ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಉಳಿದ ಅರ್ಧ, ಇಂಥ ಫೈಲು ಬಿಟ್ಟುಬಿಟ್ಟೆ ಅಂತ ಒಂದು ಮಾತೂ ಹೇಳದ ಆ ಮೌನಕ್ಕೆ. ಆಫೀಸಿನ ಸರ್ವರಿನಲ್ಲಿ ಇದನ್ನು ಹಾಕಿಕೊಳ್ಳೋಕೆ ಬಿಡಲ್ಲ. ಅಲ್ಲಿ ಇವತ್ತಿಗೂ ಹುಡುಕಾಟಕ್ಕೆ ಹಳೇ ತಂತ್ರಾಂಶ ಗ್ರೆಪ್ಪು, ಪಕ್ಕದಲ್ಲಿ ಕಾಫಿ ಲೋಟ.